ಹೂ ಮಳೆ ಕೈಕೊಟ್ಟಾಗ ಬಾಡಿಗೆ ಡೀಸೆಲ್ ಪಂಪ್‌ಸೆಟ್: ತಗೋಬಹುದಾ?

ಫೆಬ್ರವರಿ ಮುಗೀತಾ ಬಂತು, ರೋಬಸ್ಟಾ ಕಾಫಿ ಮೊಗ್ಗು ರೆಡಿಯಾಗಿ ಕೂತಿದೆ, ಅದನ್ನ ಅರಳಿಸೋ ಹೂ ಮಳೆ ಮಾತ್ರ ಪತ್ತೆ ಇಲ್ಲ ಅಂದ್ರೆ ಸ್ಪ್ರಿಂಕ್ಲರ್ ಹಾಕ್ಲೇಬೇಕು. ನೀರು ಅರ್ಧಂಬರ್ಧ ಆದ್ರೆ ಮೊಗ್ಗು ಕೆಂಪಗಾಗಿ ಹಾಳಾಗುತ್ತೆ, ಆಮೇಲೆ ಯಾರಿಗೆ ಬೈದು ಏನು ಪ್ರಯೋಜನ. ನಮ್ ಕಡೆ ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೆ ಯಾವಾಗ ಹೋಗುತ್ತೆ ಹೇಳೋಕಾಗಲ್ಲ, ಅದಕ್ಕೆ ಈ ಸಲ ಗೋಣಿಕೊಪ್ಪ ಕಡೆಯವರೊಬ್ರ ಹತ್ರ ಬಾಡಿಗೆಗೆ ತರಿಸಿದ್ವಿ. 10 ಎಚ್‌ಪಿ ಡೀಸೆಲ್ ಇಂಜಿನ್ನು, ಅಲ್ಯೂಮಿನಿಯಂ ಪೈಪು, ಒಂದು ರೈನ್‌ಗನ್ನು (ದೂರಕ್ಕೆ ನೀರು ಚಿಮ್ಮಿಸೋ ದೊಡ್ಡ ಸ್ಪ್ರಿಂಕ್ಲರ್ರು), ಜೊತೆಗೆ ಒಬ್ಬ ಹುಡುಗ, ಎಲ್ಲಾ ಟ್ರ್ಯಾಕ್ಟರ್ ಟ್ರೇಲರಲ್ಲೇ ಬಂತು. ಹೆಸರು ಹಾಕಲ್ಲ, ಕೆಳಗೆ ಬೈದಿದೀನಿ ಅದಕ್ಕೆ.

ಹುಡುಗನಿಗೆ ಮಾತ್ರ ಐದಕ್ಕೆ ಐದು. ಎರಡನೇ ದಿನ ಟ್ಯಾಂಕು ಪೂರ್ತಿ ಖಾಲಿಯಾಗಿ ಲೈನಲ್ಲಿ ಗಾಳಿ ಹಿಡ್ಕೊಂಡು ಇಂಜಿನ್ ನಿಂತ್ಹೋಯ್ತು, ನಮ್ ತೋಟದವರೆಲ್ಲ ಹ್ಯಾಂಡಲ್ ತಿರುಗ್ಸಿ ತಿರುಗ್ಸಿ ಸುಸ್ತಾದ್ರು. ಇವನು ಸುಮ್ನೆ ಬಂದು ಫಿಲ್ಟರ್ ಮೇಲಿನ ಸ್ಕ್ರೂ ಸ್ವಲ್ಪ ಸಡಿಲ ಮಾಡ್ದ, ನೊರೆ ನೊರೆ ಡೀಸೆಲ್ ಬಂತು, ಗುಳ್ಳೆ ನಿಂತು ಎಣ್ಣೆ ಒಂದೇ ಧಾರೆ ಆಗೋವರೆಗೂ ಬಿಟ್ಟು ಬಿಗಿ ಮಾಡ್ದ, ಆಮೇಲೆ ನಾಝಲ್ ಹತ್ರ ಇರೋ ನಟ್ಟಲ್ಲೂ ಅದೇ ಕೆಲ್ಸ. ಒಳಗಿನ ಒತ್ತಡ ಬಿಡಿಸಿ ಹ್ಯಾಂಡಲ್ ಹಗುರ ಮಾಡೋ ಡಿಕಂಪ್ರೆಶನ್ ಲಿವರ್ ಎತ್ತಿ ನಾಲ್ಕು ಸುತ್ತು ಜೋರಾಗಿ ತಿರುಗಿಸಿ ಬಿಟ್ಟ ನೋಡಿ, ಡಬ್ ಡಬ್ ಅಂತ ಶುರುವಾಗೇ ಬಿಡ್ತು. ಪೆಟ್ರೋಲ್ ಇಂಜಿನ್ ಥರ ಸ್ಪಾರ್ಕ್ ಪ್ಲಗ್ಗು ಇದರಲ್ಲಿ ಇಲ್ಲ, ಗಾಳೀನ ಒತ್ತಿ ಬಿಸಿ ಮಾಡಿ ಅದಕ್ಕೆ ಡೀಸೆಲ್ ಚಿಮ್ಮಿಸೋದು, ಲೈನಲ್ಲಿ ಗಾಳಿ ಇದ್ರೆ ಎಣ್ಣೆ ಚಿಮ್ಮೋದೇ ಇಲ್ಲ, ಅಷ್ಟೇ ಕಥೆ.

ಈಗ ಖರ್ಚು. ಡೀಸೆಲ್ ನಮ್ದೇ ಅಂತ ಮೊದಲೇ ಮಾತಾಗಿತ್ತು. 1 ಎಕರೆಗೆ 1 ಇಂಚು ನೀರು ಅಂದ್ರೆ 1 ಲಕ್ಷ ಲೀಟರಿಗೂ ಮೇಲೆ! ಕೆರೆಯಿಂದ ಬರೆ (ಇಳಿಜಾರು ಗುಡ್ಡ) ಹತ್ತಿಸಿ ರೈನ್‌ಗನ್ ಪ್ರೆಶರ್ರೂ ಸೇರ್ಸಿ 60 ಮೀಟರ್ ಹೆಡ್, ಅಂದ್ರೆ ಒಟ್ಟು ಅಷ್ಟು ಎತ್ತರಕ್ಕೆ ಎತ್ತೋ ಭಾರ, ಅಂತ ಹಿಡಿದ್ರೆ 10 ಎಚ್‌ಪಿ ಪಂಪು ಸೆಕೆಂಡಿಗೆ 7-8 ಲೀಟರ್ ಎತ್ತುತ್ತೆ, ಅಂದ್ರೆ ಇಂಚಿಗೆ ನಾಲ್ಕು ಗಂಟೆ ಹತ್ರ. ಫುಲ್ ಲೋಡಲ್ಲಿ ಗಂಟೆಗೆ 2 ಲೀಟರ್ ಚಿಲ್ಲರೆ ಕುಡಿಯುತ್ತೆ, ಹಾಗಾಗಿ ಇಂಚಿಗೆ 8-9 ಲೀಟರ್, ಒಂದೂವರೆ ಇಂಚು ಹಾಕಿದ್ರೆ 13ರ ಹತ್ರ. ಆಮೇಲೆ ಬ್ಯಾಕಿಂಗ್ ನೀರು, ಅಂದ್ರೆ ಹೂ ಬಿಟ್ಟ ಮೇಲೆ ಕೊಡೋ ಎರಡನೇ ನೀರು ಬೇರೆ. ಬರೆ ಇನ್ನೂ ಎತ್ತರ ಇದ್ರೆ ಅಷ್ಟೇ ಜಾಸ್ತಿ, ಇದು ಯಾವ ಕಂಪನಿ ಇಂಜಿನ್ ತಂದ್ರೂ ತಪ್ಪಲ್ಲ.

ಕರೆಂಟ್ ಮೋಟರ್ ಹಾಕಿದ್ರೆ ಹೊಗೆ ಇಲ್ಲ, ಪರಿಸರಕ್ಕೆ ಒಳ್ಳೇದು ಅಂತ ಪಕ್ಕದ ತೋಟದವರು ಭಾಷಣ ಮಾಡ್ತಾರೆ. ಹೊಗೆ ನಮ್ ತೋಟದಲ್ಲಿ ಇಲ್ಲ ಅಷ್ಟೇ ಸ್ವಾಮಿ, ಆ ಕರೆಂಟಿಗೆ ರಾಯಚೂರಲ್ಲೋ ಬಳ್ಳಾರಿ ಕುಡಿತಿನಿಯಲ್ಲೋ ಕಲ್ಲಿದ್ದಲು ಸುಡ್ತಾ ಇರುತ್ತೆ, ರಾಯಚೂರು ಒಂದೇ 1720 ಮೆಗಾವಾಟು, ಕಲ್ಲಿದ್ದಲೆಲ್ಲ ಹೊರ ರಾಜ್ಯದಿಂದ ಬರೋದು, ನಮ್ಮಲ್ಲಿ ಗಣಿನೇ ಇಲ್ಲ. ಇನ್ನು ಕೈಗಾದಲ್ಲಿ 880 ಮೆಗಾವಾಟು ಯುರೇನಿಯಂ ಕರೆಂಟು, ಅಲ್ಲಿ ಹೊಗೆ ಇಲ್ಲ ನಿಜ, ಆದ್ರೆ ಯುರೇನಿಯಮ್ಮೂ ಅಗೆದು ತೆಗೆಯೋದೇ, ಮುಗಿದ್ರೆ ಮುಗೀತು. ಶರಾವತಿ ಕರೆಂಟೂ ಇದೆ, ಗಾಳಿದೂ ಬಿಸಿಲಿಂದೂ ಇದೆ, ಒಪ್ತೀನಿ, ಮತ್ತೆ ಯೂನಿಟ್ ಲೆಕ್ಕದಲ್ಲಿ ಮೋಟರೇ ಅಗ್ಗ. ಆದ್ರೆ ಮೊಗ್ಗು ಕಾಯ್ತಿರೋವಾಗ ರಾತ್ರಿ ಎರಡು ಗಂಟೆಗೆ ಫೇಸ್ ಹೋದ್ರೆ ಆ ಅಗ್ಗ ತಗೊಂಡು ಏನ್ಮಾಡೋದು. ಡೀಸೆಲ್ ಇರಬೇಕಾದ್ದು ಇಂಥ ವಾರಕ್ಕೆ. ಮನೆ ಟ್ಯಾಂಕಿಗೆ ನೀರು ಏರಿಸೋಕೆ ವರ್ಷ ಪೂರ್ತಿ ಡೀಸೆಲ್ ಸುಡೋದು ದುಡ್ಡಿಗೆ ಬೆಂಕಿ ಹಚ್ಚಿದ ಹಾಗೆ.

ಸಣ್ಣ ಪೆಟ್ರೋಲ್ ಪಂಪು ಆಗಲ್ವಾ ಅಂತ ಕೇಳ್ತಾರೆ. ತರಕಾರಿ ಮಡಿಗೆ ಆಗುತ್ತೆ, ರೈನ್‌ಗನ್ ತಿರುಗಿಸೋಕಾಗಲ್ಲ. ಪೆಟ್ರೋಲು ವೀಡ್ ಕಟ್ಟರಿಗೆ ಇರ್ಲಿ.

ಇನ್ನು ಬೈಗುಳ. ಪೈಪಿಗೆ ಪೈಪು ಸೇರಿಸೋ ಕಪ್ಲಿಂಗಿನ ರಬ್ಬರು ಅರ್ಧಕ್ಕರ್ಧ ಹಳೇದು, ಮೂರು ಕಡೆ ಪಿಚಕಾರಿ ಹಾರ್ತಿತ್ತು, ಫೋನ್ ಮಾಡಿದ್ರೆ ಸೈಕಲ್ ಟ್ಯೂಬ್ ಕಟ್ಟಿ ಅಂತ ಓನರ್ ಸಲಹೆ. ಕೆರೆಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಹೋಗದ ಹಾಗೆ ತಡೆಯೋ ಫುಟ್‌ವಾಲ್ವಲ್ಲಿ ಎಲೆ ಸಿಕ್ಕಿ ನೀರು ವಾಪಸ್ ಇಳೀತಿತ್ತು, ಪ್ರತಿ ಸಲ ಬಕೆಟಲ್ಲಿ ನೀರು ಹುಯ್ದು ಪಂಪು ತುಂಬಿಸಿ ಪ್ರೈಮ್ ಮಾಡ್ಬೇಕು, ಅಷ್ಟು ದುಡ್ಡು ತಗೊಳ್ಳೋವ್ರು ಒಂದು ಜಾಲರಿ ಹಾಕ್ಬಾರ್ದಾ? ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಬಿಲ್ ನೋಡಿ. ಗಂಟೆ ಲೆಕ್ಕ ಅಂದ್ರೆ ಇಂಜಿನ್ ಓಡಿದ ಗಂಟೆ ಅಂತ ನಾವು, ಪೈಪ್ ಜಾಗ ಬದಲಾಯಿಸೋ ಹೊತ್ತೂ ಸೇರಿ ಅಂತ ಅವರು. ಸ್ವಲ್ಪ ಜಗಳ ಆಡಿದ್ಮೇಲೆ ಒಂದಷ್ಟು ಕಮ್ಮಿ ಮಾಡಿದ್ರು.

ಐದಕ್ಕೆ ಮೂರು ಕೊಡ್ತೀನಿ, ಅದ್ರಲ್ಲಿ ಎರಡು ಆ ಹುಡುಗನಿಗೇ. ಇಂಜಿನ್ ಗಟ್ಟಿ ಇದೆ, ಹೊಗೆ ಕಪ್ಪಗಿರ್ಲಿಲ್ಲ. ತಗೊಳ್ಳೋವ್ರು ಜನವರಿಯಲ್ಲೇ ಹೇಳಿಡಿ, ಮಾರ್ಚ್ ಬಂದ್ರೆ ಯಾರ ಹತ್ರಾನೂ ಸಿಗಲ್ಲ, ಟ್ರೇಲರಿಂದ ಇಳಿಸೋ ಮುಂಚೆ ಕಪ್ಲಿಂಗ್ ರಬ್ಬರು ಒಂದೊಂದೇ ನೋಡ್ಕೊಳ್ಳಿ, ಗಂಟೆ ಯಾವಾಗಿಂದ ಎಣಿಸ್ತಾರೆ ಅಂತ ಒಂದು ಮೆಸೇಜಲ್ಲಿ ಬರೆಸ್ಕೊಳ್ಳಿ.