ಮೂರು ತಂಗುದಾಣ, ಹದಿನಾಲ್ಕು ತಿಂಗಳು: ಮಲಗಿ ಎದ್ದವನ ವಿಮರ್ಶೆ

ಮನೆಯಿಲ್ಲದವರ ತಂಗುದಾಣ ಹೇಗಿದೆ ಎಂದು ವಿಚಾರಿಸುವವರು ಮೊದಲು ಹಾಸಿಗೆಯ ಬಗ್ಗೆ ಕೇಳುತ್ತಾರೆ. ನಾನು ಕಂಡ ಮಟ್ಟಿಗೆ ಹಾಸಿಗೆ ಎಲ್ಲ ಕಡೆಯೂ ಒಂದೇ: ತೆಳ್ಳಗೆ, ಒರೆಸಲು ಸುಲಭವಾಗಲೆಂದು ಹಾಕಿದ ರೆಕ್ಸಿನ್ ಹೊದಿಕೆ, ಮಗ್ಗುಲು ಬದಲಿಸಿದಾಗಲೆಲ್ಲ ಕಿರ್ರೆನ್ನುವ ಸದ್ದು. ಕೇಳಬೇಕಾದದ್ದು ಬೆಳಗಿನ ಆರು ಗಂಟೆಯ ಬಗ್ಗೆ. ಆ ಹೊತ್ತಿಗೆ ತಂಗುದಾಣದವರು ನಮ್ಮನ್ನು ಏನು ಮಾಡುತ್ತಾರೆ ಎಂಬುದರ ಮೇಲೆ ಆ ಜಾಗದ ಯೋಗ್ಯತೆ ನಿಂತಿದೆ. ಮನೆ ಕೈತಪ್ಪಿದ ಮೇಲೆ ಮೂರು ಬಗೆಯ ಕಡೆ ಹದಿನಾಲ್ಕು ತಿಂಗಳು ಕಳೆದಿದ್ದೇನೆ. ಆ ಲೆಕ್ಕದಲ್ಲಿ ಹೇಳುತ್ತಿದ್ದೇನೆ.

ಮೊದಲನೆಯದು ತುರ್ತು ರಾತ್ರಿ ತಂಗುದಾಣ. ಸಂಜೆ ಸಾಲಿನಲ್ಲಿ ನಿಲ್ಲಬೇಕು, ಪುಸ್ತಕದಲ್ಲಿ ಹೆಸರು ಬರೆಸಬೇಕು, ಬೆಳಗ್ಗೆ ಗಂಟುಮೂಟೆ ಸಮೇತ ಹೊರಗೆ. ಸಿಕ್ಕ ಹಾಸಿಗೆ ಆ ಒಂದು ರಾತ್ರಿಗೆ ಮಾತ್ರ ನಮ್ಮದು. ಪಕ್ಕದ ಹಾಸಿಗೆಯ ಹಿರಿಯರೊಬ್ಬರು ಮಲಗುವ ಮುನ್ನ ಮಂಚದ ಎರಡು ಕಾಲುಗಳನ್ನು ತಮ್ಮ ಶೂಗಳೊಳಗೆ ಇಳಿಸುತ್ತಿದ್ದರು. ಶೂ ಕದಿಯಬೇಕಾದರೆ ಅವರನ್ನೇ ಎತ್ತಬೇಕು! ನಾನು ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ಲಾಕರ್ ಇದ್ದರೂ ಬೀಗ ನಾವೇ ತರಬೇಕು, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಅಲ್ಲಿದ್ದಾಗಲೇ ನನಗೆ ಕೆಲಸ ಸಿಕ್ಕಿತು. ಪಾಳಿ ಮುಗಿಯುವುದು ರಾತ್ರಿ ಒಂಬತ್ತಕ್ಕೆ, ಗೇಟು ಮುಚ್ಚುವುದು ಎಂಟಕ್ಕೆ. ಕೆಲಸ ಸಿಕ್ಕಿದ ತಪ್ಪಿಗೆ ನಾಲ್ಕು ರಾತ್ರಿ ಹೊರಗೆ ಕಳೆದೆ. ಕೆಲಸ ಕೊಟ್ಟವರಿಂದ ಒಂದು ಪತ್ರ ತಂದರೆ ಹಾಸಿಗೆ ಕಾದಿರಿಸಿ ತಡವಾಗಿ ಒಳಗೆ ಬಿಡುತ್ತಾರೆ ಎಂಬ ನಿಯಮ ಅಲ್ಲಿ ಇತ್ತು. ಅದನ್ನು ಅಂಟಿಸಿದ್ದುದು ಬಾಗಿಲಿನ ಒಳಮೈಗೆ. ಬಾಗಿಲು ತೆರೆದಿದ್ದಾಗ ಅದು ಗೋಡೆಗೆ ಒರಗಿರುತ್ತದೆ, ಮುಚ್ಚಿದಾಗ ನಾನು ಹೊರಗಿರುತ್ತೇನೆ. ಓದುವುದು ಹೇಗೆ? ಐದರಲ್ಲಿ ಎರಡು ಅಂಕ. ಆ ಎರಡೂ ಮಳೆಗಾಲದ ಮೊದಲ ರಾತ್ರಿ ಗುರುತಿನ ಚೀಟಿ ಕೇಳದೆ ಒಳಗೆ ಬಿಟ್ಟದ್ದಕ್ಕೆ.

ಆದ್ದರಿಂದ ಹೋಗುವ ಮೊದಲು ಫೋನ್ ಮಾಡಿ. ಈಗ ಹಾಸಿಗೆ ಇದೆಯೇ, ನೇರವಾಗಿ ಬರಬಹುದೇ ಅಥವಾ ಬೇರೆಯವರ ಶಿಫಾರಸು ಬೇಕೇ, ಗೇಟು ಎಷ್ಟು ಹೊತ್ತಿಗೆ, ನಾಳೆಯೂ ಅದೇ ಹಾಸಿಗೆಯೇ ಎಂದು ಬಿಡಿಸಿ ಕೇಳಿ. ಎಷ್ಟೋ ಕೇಂದ್ರಗಳು ಸಹಾಯವಾಣಿಯ ಮೂಲಕ, ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಮೂಲಕ ಬಂದವರನ್ನಷ್ಟೇ ಸೇರಿಸಿಕೊಳ್ಳುತ್ತವೆ. ಭರ್ತಿಯಾಗಿದೆ ಎಂದರೆ ಫೋನ್ ಇಡಬೇಡಿ, ಇನ್ನೆಲ್ಲಿ ಖಾಲಿ ಇರಬಹುದು ಎಂದು ಅವರನ್ನೇ ಕೇಳಿ. ಕಾಯುವ ಪಟ್ಟಿಯಲ್ಲಿ ಹೆಸರು ಉಳಿಯಬೇಕಾದರೆ ಎಷ್ಟು ದಿನಕ್ಕೊಮ್ಮೆ ಕರೆ ಮಾಡಬೇಕು ಎಂಬುದನ್ನೂ ಕೇಳಿ; ನಾನು ಕೇಳದೆ ಒಮ್ಮೆ ಪಟ್ಟಿಯಿಂದ ಉದುರಿದ್ದೇನೆ.

ಒಂಟಿ ಗಂಡಸಾಗಿ ನನಗೆ ಗೊತ್ತಾಗದ ತೊಡಕುಗಳನ್ನು ಸಾಲಿನಲ್ಲಿ ನಿಂತೇ ಕಲಿತೆ. ದಂಪತಿಯನ್ನು ಬೇರೆ ಬೇರೆ ಕಡೆ ಕಳುಹಿಸುವುದುಂಟು. ಮಹಿಳೆಯರ ಕೇಂದ್ರಗಳಲ್ಲಿ ಕೆಲವು ಹದಿಹರೆಯದ ಗಂಡುಮಕ್ಕಳನ್ನು ತಾಯಿಯ ಜೊತೆ ಸೇರಿಸುವುದಿಲ್ಲ, ಹಾಗಾಗಿ ಮಗನ ವಯಸ್ಸನ್ನು ಮೊದಲೇ ಹೇಳಿ ಕುಟುಂಬಗಳ ಕೇಂದ್ರ ಕೇಳುವುದು ಮೇಲು. ಮನೆಯ ಹಿಂಸೆಯಿಂದ ಓಡಿಬಂದವರ ಆಶ್ರಯಗಳ ವಿಳಾಸವನ್ನು ಸಾಮಾನ್ಯವಾಗಿ ಗುಟ್ಟಾಗಿ ಇಡುತ್ತಾರೆ. ಹುಡುಕಿಕೊಂಡು ಹೋಗಿ ಸಿಗುವುದಿಲ್ಲ, ಸಹಾಯವಾಣಿಯೇ ದಾರಿ. ಆಸ್ಪತ್ರೆಯಿಂದ ಬಿಡುಗಡೆಯಾಗಿ ಇನ್ನೂ ಚೇತರಿಸಿಕೊಳ್ಳುತ್ತಿರುವವರಿಗೆ ಕೆಲವೆಡೆ ಪ್ರತ್ಯೇಕ ವ್ಯವಸ್ಥೆ ಇದೆ. ಅದನ್ನು ಬಿಡುಗಡೆಗೆ ಮುಂಚೆಯೇ ವಾರ್ಡಿನಲ್ಲಿ ಕೇಳಬೇಕು.

ಎರಡನೆಯದು ತಿಂಗಳುಗಟ್ಟಲೆ ಇರಬಹುದಾದ ತಾತ್ಕಾಲಿಕ ವಸತಿ. ಬೆಳಗ್ಗೆ ಹೊರದಬ್ಬುವುದಿಲ್ಲ, ಪತ್ರ ತರಿಸಿಕೊಳ್ಳಲು ವಿಳಾಸ ಸಿಗುತ್ತದೆ. ಕಳೆದುಹೋದ ದಾಖಲೆಗಳನ್ನು ಮತ್ತೆ ಮಾಡಿಸಿಕೊಡಲು ಒಬ್ಬ ಕಾರ್ಯಕರ್ತೆ ಇದ್ದರು, ಆಕೆಯೊಬ್ಬರಿಗೇ ನಾಲ್ಕು ಅಂಕ. ಆದರೆ ಕುಡಿದು ಬಂದವನಿಗೆ ಅಲ್ಲಿ ಜಾಗವಿಲ್ಲ, ಸಭೆ ತಪ್ಪಿಸಿದರೆ ಎಚ್ಚರಿಕೆಯ ಚೀಟಿ. ನಾನು ಕುಡಿಯುವವನಲ್ಲ, ನನಗೆ ಸಲೀಸಾಯಿತು. ಶೂಗಳ ಹಿರಿಯರಿಗೆ ಆಗಲಿಲ್ಲ. ಎರಡನೇ ವಾರಕ್ಕೇ ಹಳೆಯ ಸಾಲಿಗೆ ಮರಳಿದರು. ಚಟ ಬಿಟ್ಟ ಮೇಲೆ ಮನೆ ಎನ್ನುವ ಈ ಕ್ರಮವನ್ನು ತಿರುಗಿಸಿ, ಮೊದಲು ಮನೆ, ಉಳಿದದ್ದು ಆಮೇಲೆ ಎಂಬ ಪ್ರಯೋಗ ನ್ಯೂಯಾರ್ಕಿನಲ್ಲಿ 1992ರಲ್ಲೇ ಶುರುವಾಯಿತು. ಫಿನ್ಲೆಂಡ್ 2008ರಿಂದ ಅದನ್ನೇ ರಾಷ್ಟ್ರೀಯ ನೀತಿ ಮಾಡಿಕೊಂಡು ರಾತ್ರಿ ತಂಗುದಾಣಗಳನ್ನು ಬಾಡಿಗೆ ಮನೆಗಳಾಗಿ ಬದಲಿಸುತ್ತ ಬಂತು. ಆ ಹಿರಿಯರನ್ನು ನೋಡಿದವನಿಗೆ ಇದರ ತರ್ಕ ಬಿಡಿಸಿ ಹೇಳಬೇಕಿಲ್ಲ.

ಮೂರನೆಯದರಲ್ಲಿ ಈಗ ಇದ್ದೇನೆ: ಬೆಂಬಲಸಹಿತ ವಸತಿ, ಅಂದರೆ ಮನೆಯ ಜೊತೆಗೆ ಕಾರ್ಯಕರ್ತರ ನೆರವೂ ಸಿಗುವ ಕಡೆ. ನನ್ನದೇ ಕೋಣೆ, ನನ್ನದೇ ಕೀಲಿ. ಕಾಯುವ ಪಟ್ಟಿ ಉದ್ದವಿತ್ತು. ಅರ್ಜಿಯನ್ನು ಎರಡನೆಯ ಜಾಗಕ್ಕೆ ಬಂದ ಮೊದಲ ವಾರವೇ ಹಾಕಿಸಿದ್ದರಿಂದ ಸಿಕ್ಕಿತು. ದೂರು ಎಂದರೆ ಗೋಡೆ ತೆಳು. ಪಕ್ಕದವರ ರೇಡಿಯೊ ಬೆಳಗ್ಗೆ ಆರಕ್ಕೆ ಸರಿಯಾಗಿ ಶುರುವಾಗುತ್ತದೆ, ನನಗೆ ಎಚ್ಚರವಾಗುವ ಮೊದಲೇ ಚೀಲ ಹುಡುಕಲು ಕೈ ಹೊರಟಿರುತ್ತದೆ.