ಐಪಿಯಿಂದ ಹೆಸರು: ಡಿಗ್, ಹೋಸ್ಟ್, ಎನ್‌ಎಸ್‌ಲುಕಪ್, ಗೆಟ್‌ಎಂಟ್‌ಗಳಲ್ಲಿ ಯಾವುದು?

ಐಪಿ ಎಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ಅಂಕಿ ವಿಳಾಸ. ಅದನ್ನು ಕೊಟ್ಟು ಹೆಸರು ಕೇಳುವ ಕಮಾಂಡ್‌ಗಳು ಡಿಗ್ (dig), ಹೋಸ್ಟ್ (host), ಎನ್‌ಎಸ್‌ಲುಕಪ್ (nslookup), ಗೆಟ್‌ಎಂಟ್ (getent). ಶಿರಸಿಯ ಅಡಿಕೆ ಮಂಡಿಯ ಲೆಕ್ಕದ ಕಂಪ್ಯೂಟರ್ ವಿಂಡೋಸ್ ಆಗಿದ್ದರೆ ಎನ್‌ಎಸ್‌ಲುಕಪ್ ಸಾಕು. ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ‘ಎನ್‌ಎಸ್‌ಲುಕಪ್ 8.8.8.8’ ಎಂದರೆ ಗೂಗಲ್‌ನ ಡಿಎನ್‌ಎಸ್ (ಹೆಸರು, ಐಪಿ ಹೊಂದಿಸುವ ವ್ಯವಸ್ಥೆ) ಸರ್ವರ್‌ನ ಹೆಸರು ಬರುತ್ತದೆ.

ಲಿನಕ್ಸ್‌ನಲ್ಲಿ ಒಂದೇ ಸಾಲಿನ ಉತ್ತರಕ್ಕೆ ಹೋಸ್ಟ್ ಚೆಂದ. ತೊಂದರೆ ಹುಡುಕಲು ಮಾತ್ರ ಡಿಗ್ ಅನ್ನೇ ಆರಿಸಿ. ಐಪಿಯ ಹಿಂದೆ ‘-ಎಕ್ಸ್’ (-x) ಹಾಕುವುದನ್ನು ಮರೆತರೆ ಅದು ಐಪಿಯನ್ನೇ ಹೆಸರೆಂದು ತಿಳಿದು ಎ ದಾಖಲೆ (ಹೆಸರಿನ ಐಪಿ ಹೇಳುವುದು) ಹುಡುಕುತ್ತದೆ. ‘-ಎಕ್ಸ್’ ಇದ್ದರೆ ಐಪಿಯ ನಾಲ್ಕು ಭಾಗಗಳ ಕ್ರಮ ತಿರುಗಿಸಿ, ಕೊನೆಗೆ in-addr.arpa ಸೇರಿಸಿ, ಪಿಟಿಆರ್ (ಐಪಿಯ ಹೆಸರು ಹೇಳುವ ದಾಖಲೆ) ಕೇಳುತ್ತದೆ. ‘+ಶಾರ್ಟ್’ (+short) ಕೊಟ್ಟರೆ ಹೆಸರಷ್ಟೇ ಸಿಗುತ್ತದೆ. ಉತ್ತರ ಖಾಲಿ ಬಂದರೆ ‘+ಶಾರ್ಟ್’ ತೆಗೆದು ಮತ್ತೆ ಕೇಳಿ, ಸ್ಥಿತಿ (status) ನೋಡಿ. ಎನ್‌ಎಕ್ಸ್‌ಡೊಮೇನ್ (NXDOMAIN) ಎಂದಿದ್ದರೆ ಪಿಟಿಆರ್ ಇಲ್ಲ. ಅದನ್ನು ಹಾಕಬೇಕಾದದ್ದು ಸಾಮಾನ್ಯವಾಗಿ ಐಪಿ ಕೊಟ್ಟ ಕಂಪನಿ, ಡೊಮೇನ್ ಮಾರಿದವರಲ್ಲ. ಸರ್ವ್‌ಫೇಲ್ (SERVFAIL) ಬಂದರೆ ಡಿಎನ್‌ಎಸ್ ಸರ್ವರ್‌ಗಳ ಕಡೆ ದೋಷ. ಕಾರವಾರದ ಮಳೆಗಾಲದಲ್ಲಿ ಲೈನ್ ಕೈಕೊಟ್ಟಾಗ ಕಾಣುವುದು ಟೈಮ್‌ಔಟ್. ಡಿಗ್ ತಾನಾಗಿ 5 ಸೆಕೆಂಡಿನಂತೆ 3 ಸಲ ಕಾಯುತ್ತದೆ. ‘+ಟೈಮ್=2 +ಟ್ರೈಸ್=1’ (+time=2 +tries=1) ಕೊಟ್ಟರೆ ಬೇಗ ಗೊತ್ತಾಗುತ್ತದೆ.

‘ಗೆಟ್‌ಎಂಟ್ ಹೋಸ್ಟ್ಸ್’ ಸಾಮಾನ್ಯವಾಗಿ ಮೊದಲು ಕಂಪ್ಯೂಟರಿನದೇ ಹೋಸ್ಟ್ಸ್ ಕಡತ (ಹೆಸರು, ಐಪಿಗಳ ಪಟ್ಟಿ) ಓದುತ್ತದೆ. ಡಿಗ್ ಅದನ್ನು ಓದುವುದೇ ಇಲ್ಲ. ಎರಡರ ಉತ್ತರ ಬೇರೆ ಬಂದರೆ ಮೊದಲು ಆ ಕಡತ ತೆರೆಯಿರಿ.

ಮೇಲ್ ಸರ್ವರ್‌ಗಾದರೆ ಸಿಕ್ಕ ಹೆಸರನ್ನು ಮತ್ತೆ ಡಿಗ್‌ಗೆ ಕೊಡಿ. ಅದೇ ಐಪಿ ಮರಳಿ ಬರದಿದ್ದರೆ ಅನೇಕ ಸರ್ವರ್‌ಗಳು ನಿಮ್ಮ ಮೇಲ್ ತಿರಸ್ಕರಿಸುತ್ತವೆ.