ಪಾರ್ಟ್ ಲೋಡ್ ಮನೆ ಸಾಗಾಟ: ಕೈಯಲ್ಲಿ ಕಾಸು ಕಡಿಮೆ, ಜೊತೆಗೆ ಚಿಕ್ಕ ಮಕ್ಕಳು ಇರುವವರಿಗೆ

ದುಬಾರಿ ಮಹಾನಗರಕ್ಕೆ ಸಂಸಾರ ಸಮೇತ ಹೊರಟವರಿಗೆ ಸಾಮಾನು ಸಾಗಿಸಲು ಮೂರು ದಾರಿಗಳಿವೆ. ಪ್ಯಾಕಿಂಗ್‌ನಿಂದ ಹಿಡಿದು ಹೊಸ ಮನೆಯಲ್ಲಿ ಮಂಚ ಜೋಡಿಸುವವರೆಗೆ ಎಲ್ಲವನ್ನೂ ಕಂಪನಿಯವರೇ ಮಾಡುವ ಫುಲ್ ಸರ್ವಿಸ್ ಒಂದು. ಗಾಡಿ ಮತ್ತು ಡ್ರೈವರ್ ಮಾತ್ರ ಸಿಕ್ಕು, ಉಳಿದದ್ದನ್ನೆಲ್ಲ ನೀವೇ ನೋಡಿಕೊಳ್ಳಬೇಕಾದ ಬಾಡಿಗೆ ಗಾಡಿ ಇನ್ನೊಂದು. ಇವೆರಡರ ನಡುವಿನದು ಪಾರ್ಟ್ ಲೋಡ್: ಒಂದೇ ಲಾರಿಯಲ್ಲಿ ನಾಲ್ಕಾರು ಮನೆಗಳ ಸಾಮಾನು ಹೋಗುತ್ತದೆ, ನಿಮ್ಮ ಸಾಮಾನು ಎಷ್ಟು ಜಾಗ ಹಿಡಿಯುತ್ತದೋ ಅಷ್ಟಕ್ಕೆ ದುಡ್ಡು. ಇಲ್ಲಿ ನೋಡುತ್ತಿರುವುದು ಈ ಮೂರನೆಯದನ್ನು.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೂರದ ಊರು, ಚಿಕ್ಕ ಸಂಸಾರ, ಬಿಗಿಯಾದ ಬಜೆಟ್ ಇದ್ದರೆ ಪಾರ್ಟ್ ಲೋಡ್ ಆರಿಸಿಕೊಳ್ಳಬೇಕಾದ ಸೇವೆಯೇ. ಆದರೆ ಅದರಿಂದ ಹಣ ಉಳಿಯುವುದು ಸಾಮಾನನ್ನು ಅಳೆದು, ಕಡಿಮೆ ಮಾಡಿ, ತಾವೇ ಗಟ್ಟಿಯಾಗಿ ಪ್ಯಾಕ್ ಮಾಡಿ, ಕೊಟೇಶನ್ನಿನ ಪ್ರತಿ ಸಾಲನ್ನೂ ಓದಿ ಸಹಿ ಹಾಕಿದವರಿಗೆ. ಇದ್ದದ್ದನ್ನೆಲ್ಲ ಲಾರಿಗೆ ತುಂಬಿದರೆ ಬಿಲ್ಲು ಫುಲ್ ಸರ್ವಿಸ್‌ನ ಹತ್ತಿರಕ್ಕೇ ಬಂದು ನಿಲ್ಲುತ್ತದೆ, ಆ ಸೇವೆಯ ಸೌಕರ್ಯವೂ ಸಿಗುವುದಿಲ್ಲ.

ಇಲ್ಲಿ ದುಡ್ಡು ನಿಗದಿಯಾಗುವುದು ಮುಖ್ಯವಾಗಿ ಗಾತ್ರದ ಮೇಲೆ. ಹಾಗಾಗಿ ಯಾರಿಗೂ ಫೋನ್ ಮಾಡುವ ಮೊದಲು ಟೇಪು ಹಿಡಿದು ಮನೆಯ ಸಾಮಾನನ್ನು ಅಳೆಯಬೇಕು. ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಗುಣಿಸಿ 1728ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. 75×60 ಇಂಚಿನ, ಆರು ಇಂಚು ದಪ್ಪದ ಹಾಸಿಗೆ 15 ಘನ ಅಡಿಗಿಂತ ಸ್ವಲ್ಪ ಹೆಚ್ಚು. ಒಂದೇ ಬಾಗಿಲಿನ ಸಾಧಾರಣ ಫ್ರಿಜ್ ಸುಮಾರು 15, ವಾಷಿಂಗ್ ಮಷೀನ್ ಸುಮಾರು 11, ಬಿಚ್ಚಿ ಕಟ್ಟಿದ ಮಂಚ 12ರ ಆಸುಪಾಸು. 18×12×12 ಇಂಚಿನ ರಟ್ಟಿನ ಡಬ್ಬ ಸರಿಯಾಗಿ ಒಂದೂವರೆ ಘನ ಅಡಿ, 18×18×16 ಇಂಚಿನದು ಮೂರು. ಚಿಕ್ಕ ಡಬ್ಬ ಹತ್ತು, ದೊಡ್ಡದು ಹನ್ನೆರಡು ಎಂದುಕೊಂಡರೂ ಇವೆಲ್ಲ ಸೇರಿ 105 ಘನ ಅಡಿ ಮುಟ್ಟುತ್ತದೆ. ಒಂದು ಚಿಕ್ಕ ಸಂಸಾರದ ಅಡುಗೆ, ಬಟ್ಟೆ, ನಿದ್ದೆ ಎಲ್ಲ ಇಷ್ಟರಲ್ಲೇ ನಡೆಯುತ್ತದೆ.

ಈಗ ಉಳಿದದ್ದನ್ನು ನೋಡಿ. ಮೂವರು ಕೂರುವ ಸೋಫಾ ಒಂದೇ 48 ಘನ ಅಡಿ, ಅಂದರೆ ಹದಿನಾರು ದೊಡ್ಡ ಡಬ್ಬಗಳ ಜಾಗ. ಆರೂವರೆ ಅಡಿ ಎತ್ತರದ ಬಟ್ಟೆ ಬೀರು 30. ನಾಲ್ಕು ಕುರ್ಚಿಯ ಊಟದ ಮೇಜಿಗೆ 50ರ ಮೇಲೆ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಕುರ್ಚಿ ಕಾಲುಗಳ ನಡುವಿನ ಖಾಲಿ ಗಾಳಿಗೆ. ಈ ಮೂರೇ ಸೇರಿ 130 ಘನ ಅಡಿಯ ಹತ್ತಿರ ಬರುತ್ತವೆ. ಸಂಸಾರ ನಡೆಸುವ ಅಷ್ಟೂ ಸಾಮಾನಿಗಿಂತ ಈ ಮೂರು ವಸ್ತುಗಳ ಸಾಗಾಟವೇ ದುಬಾರಿ ಎಂದಾಯಿತು. ಕೊಟೇಶನ್ ಬಂದ ಮೇಲೆ ಒಟ್ಟು ಮೊತ್ತವನ್ನು ಘನ ಅಡಿಯಿಂದ ಭಾಗಿಸಿ, ಆ ದರವನ್ನು ಪ್ರತಿ ದೊಡ್ಡ ವಸ್ತುವಿನ ಗಾತ್ರಕ್ಕೆ ಗುಣಿಸಿ. ಬಂದ ಮೊತ್ತ ಹೊಸ ಊರಿನಲ್ಲಿ ಅಂಥದ್ದೇ ಸೆಕೆಂಡ್ ಹ್ಯಾಂಡ್ ವಸ್ತುವಿನ ಬೆಲೆಗಿಂತ ಹೆಚ್ಚಾದರೆ ಹಳೆಯದನ್ನು ಮಾರಿಬಿಡಿ. ಮಹಾನಗರಗಳಲ್ಲಿ ಮನೆ ಬದಲಿಸುವವರು ಸದಾ ಇರುವುದರಿಂದ ಸೆಕೆಂಡ್ ಹ್ಯಾಂಡ್ ಪೀಠೋಪಕರಣ ಅಗ್ಗವಾಗಿ, ಕೆಲವೊಮ್ಮೆ ಪುಕ್ಕಟೆಯಾಗಿಯೂ ಸಿಗುತ್ತದೆ. ಮಾರಿದ ಹಣ ಹೊಸ ಮನೆಯ ಅಡ್ವಾನ್ಸ್‌ಗೆ ಒದಗುತ್ತದೆ.

ಪಾರ್ಟಿಕಲ್ ಬೋರ್ಡಿನ ಬೀರು, ಟೇಬಲ್‌ಗಳನ್ನಂತೂ ಒಯ್ಯಲೇಬೇಡಿ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ ಅದು. ಒಮ್ಮೆ ಸ್ಕ್ರೂ ಬಿಚ್ಚಿದರೆ ರಂಧ್ರ ಸಡಿಲವಾಗುತ್ತದೆ, ಮತ್ತೆ ಜೋಡಿಸಿದಾಗ ಹಿಡಿತ ಇರುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಅಲ್ಲಾಡುವ ಬೀರು ಅಪಾಯ ಕೂಡ. ಇನ್ನೊಂದು ಮಾತು: ಬಾಡಿಗೆ ಹೆಚ್ಚಿರುವ ಊರಿನಲ್ಲಿ ಮನೆ ಚಿಕ್ಕದು, ಲಿಫ್ಟ್ ಇನ್ನೂ ಚಿಕ್ಕದು. ಲಿಫ್ಟಿನ ಬಾಗಿಲ ಅಗಲ, ಒಳಗಿನ ಎತ್ತರ, ಮೆಟ್ಟಿಲ ತಿರುವಿನ ಅಗಲ, ಮಲಗುವ ಕೋಣೆಯ ಬಾಗಿಲು, ಈ ನಾಲ್ಕು ಅಳತೆಗಳನ್ನು ಮನೆ ನೋಡಲು ಹೋದಾಗಲೇ ಬರೆದುಕೊಳ್ಳಿ. ಬಾಗಿಲಲ್ಲಿ ಹಿಡಿಸದ ಸೋಫಾವನ್ನು ಸಾವಿರ ಕಿಲೋಮೀಟರ್ ಸಾಗಿಸಿ ಬೀದಿಯಲ್ಲಿ ಬಿಡಬೇಕಾದ ಸ್ಥಿತಿ ಯಾರಿಗೂ ಬೇಡ.

ಕೊಟೇಶನ್ ವಿಷಯಕ್ಕೆ ಬಂದರೆ, ಫೋನಿನಲ್ಲಿ ‘ಎರಡು ಕೋಣೆ ಮನೆ’ ಎಂದು ಹೇಳಿ ಪಡೆದ ದರಕ್ಕೆ ಬೆಲೆಯಿಲ್ಲ. ಮನೆಗೆ ಬಂದು ನೋಡಲಿ, ಇಲ್ಲವೇ ವಿಡಿಯೋ ಕಾಲ್‌ನಲ್ಲಿ ಮಂಚದ ಕೆಳಗೆ, ಅಟ್ಟದ ಮೇಲೆ, ಬಾಲ್ಕನಿಯಲ್ಲಿ ಇರುವುದನ್ನೂ ತೋರಿಸಿ. ಪಟ್ಟಿಯಲ್ಲಿ ಇಲ್ಲದ ಮಗುವಿನ ಸೈಕಲ್ಲೋ ಹೂಕುಂಡವೋ ಲೋಡಿಂಗ್ ದಿನ ಹೊರಬಂದರೆ ದರ ಏರಿಸಲು ಅವರಿಗೆ ನೀವೇ ಕಾರಣ ಕೊಟ್ಟಂತೆ. ದರ ನಿಗದಿಯಾದದ್ದೋ ಅಂದಾಜಿನದೋ ಎಂಬುದು ಬರಹದಲ್ಲಿರಬೇಕು. ತೂಕದ ಲೆಕ್ಕ ಹಾಕುವವರಾದರೆ ಗಾತ್ರದ ತೂಕ ಹೇಗೆ ತೆಗೆಯುತ್ತಾರೆ ಎಂದು ಕೇಳಿ. ಕೊರಿಯರ್‌ಗಳಲ್ಲಿ ಸಾಮಾನ್ಯವಾಗಿ ಸೆಂಟಿಮೀಟರ್ ಅಳತೆಗಳನ್ನು ಗುಣಿಸಿ 5000ರಿಂದ ಭಾಗಿಸುತ್ತಾರೆ. ಆ ಲೆಕ್ಕದಲ್ಲಿ 60×45×45ರ ಡಬ್ಬದಲ್ಲಿ ನಾಲ್ಕು ಕಿಲೋ ದಿಂಬು ತುಂಬಿದರೂ ಬಿಲ್ಲಿನಲ್ಲಿ ಅದು 24.3 ಕಿಲೋ. ದಿಂಬು, ಕಂಬಳಿ, ಮೆತ್ತನೆಯ ಆಟಿಕೆಗಳನ್ನು ಪ್ರತ್ಯೇಕ ಡಬ್ಬಕ್ಕೆ ಹಾಕದೆ, ಪಾತ್ರೆಗಳ ನಡುವಿನ ಸಂದಿಗೆ ತುರುಕುವುದು ಇದೇ ಕಾರಣಕ್ಕೆ. ಒಡೆಯುವುದೂ ತಪ್ಪುತ್ತದೆ, ಬಬಲ್ ರ‍್ಯಾಪ್‌ನ ಖರ್ಚೂ ಉಳಿಯುತ್ತದೆ.

ದರದ ಕೆಳಗಿನ ಚಿಕ್ಕ ಅಕ್ಷರಗಳಲ್ಲಿ ನಿಜವಾದ ಖರ್ಚು ಅಡಗಿರುತ್ತದೆ. ಲಿಫ್ಟ್ ಇಲ್ಲದ ಪ್ರತಿ ಮಹಡಿಗೆ ಹೆಚ್ಚುವರಿ, ಗಾಡಿ ನಿಲ್ಲುವ ಜಾಗದಿಂದ ಬಾಗಿಲವರೆಗೆ ಹೊರುವ ದೂರಕ್ಕೆ ಹೆಚ್ಚುವರಿ, ಕಾಯಿಸಿದರೆ ಗಂಟೆಗೆ ಇಷ್ಟು, ಗೋಡೌನ್‌ನಲ್ಲಿ ಇಟ್ಟರೆ ದಿನಕ್ಕೆ ಇಷ್ಟು. ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಚಿಕ್ಕ ಗಾಡಿಯ ಬಾಬತ್ತಿನಲ್ಲಿ. ಅನೇಕ ಮಹಾನಗರಗಳಲ್ಲಿ ಹಗಲು ಹೊತ್ತು ದೊಡ್ಡ ಲಾರಿಗಳಿಗೆ ಪ್ರವೇಶವಿಲ್ಲ, ಇಕ್ಕಟ್ಟಾದ ಬೀದಿಗಳಿಗೆ ಅವು ನುಗ್ಗುವುದೂ ಇಲ್ಲ. ಊರ ಹೊರಗೆ ಇಳಿಸಿ ಚಿಕ್ಕ ಗಾಡಿಗೆ ತುಂಬುವ ಖರ್ಚು ಯಾರದು ಎಂಬುದು ಕೊಟೇಶನ್‌ನಲ್ಲೇ ಬರೆದಿರಬೇಕು. ‘ಮನೆ ಬಾಗಿಲವರೆಗೆ’ ಎಂದಷ್ಟೇ ಇದ್ದರೆ ಸಾಲದು. ಯಾವ ಮಹಡಿ, ಯಾವ ಕೋಣೆ ಎಂದು ಸ್ಪಷ್ಟವಾಗಿ ಬರೆಸಿ. ಅಪಾರ್ಟ್‌ಮೆಂಟ್ ಆದರೆ ಸಾಮಾನು ಒಳಗೆ ತರಲು ಯಾವ ಹೊತ್ತಿನಲ್ಲಿ ಅನುಮತಿ ಇದೆ ಎಂದು ಮೊದಲೇ ವಿಚಾರಿಸಿ, ಇಲ್ಲದಿದ್ದರೆ ಗೇಟಿನಲ್ಲಿ ನಿಂತ ಗಾಡಿಯ ಕಾಯುವ ಶುಲ್ಕ ನಿಮ್ಮ ತಲೆಗೆ.

ತೀರಾ ಕಡಿಮೆ ದರ ಹೇಳಿ, ಸಾಮಾನು ಲಾರಿ ಏರಿದ ಮೇಲೆ ಹೆಚ್ಚು ಕೇಳಿ, ಕೊಡದಿದ್ದರೆ ಇಳಿಸುವುದಿಲ್ಲ ಎನ್ನುವುದು ಈ ವ್ಯವಹಾರದ ಹಳೆಯ ಮೋಸ. ಮೂರು ಕಡೆ ದರ ಕೇಳಿದಾಗ ಒಂದು ಮಾತ್ರ ಅರ್ಧಕ್ಕೆ ಅರ್ಧ ಕಡಿಮೆ ಬಂದರೆ ಅದನ್ನು ಬಿಟ್ಟುಬಿಡಿ. ಕೊಟೇಶನ್, ರಸೀದಿ, ಹಣ ಕಟ್ಟುವ ಖಾತೆ ಮೂರರಲ್ಲೂ ಒಂದೇ ಹೆಸರಿರಬೇಕು. ಬೇರೆ ಬೇರೆ ಇದ್ದರೆ ನಡುವೆ ದಲ್ಲಾಳಿ ಇರಬಹುದು, ಸಾಮಾನು ಕಳೆದರೆ ಯಾರೂ ಜವಾಬ್ದಾರಿ ಹೊರದೆ ಜಾರಿಕೊಳ್ಳಬಹುದು. ಪೂರ್ತಿ ಹಣ ಮುಂಗಡ ಕೊಡಬಾರದು. ಬಾಕಿ ಹಣ ಕೊಡಬೇಕಾದ ದಿನವನ್ನೂ ಯೋಚಿಸಿ: ಅಡ್ವಾನ್ಸ್, ಮೊದಲ ತಿಂಗಳ ಬಾಡಿಗೆ, ಶಾಲೆಯ ಫೀಸು ಎಲ್ಲ ಒಟ್ಟಿಗೆ ಬಂದು ಬೀಳುವ ವಾರವೇ ಅದು. ಆ ಮೊತ್ತವನ್ನು ಮೊದಲೇ ತೆಗೆದಿಡದೆ ಹೊರಡಬೇಡಿ. ಬಾಡಿಗೆ ಕರಾರುಗಳು ತಿಂಗಳ ಮೊದಲಿಗೆ ಶುರುವಾಗುವುದರಿಂದ ತಿಂಗಳ ಕೊನೆಯಲ್ಲಿ ಗಾಡಿಗೆ ನೂಕುನುಗ್ಗಲು. ತಿಂಗಳ ನಡುವೆ, ವಾರದ ನಡುವೆ ಕೇಳಿದರೆ ದರ ಇಳಿಸುತ್ತಾರೆ.

ಪಾರ್ಟ್ ಲೋಡ್‌ನ ದೊಡ್ಡ ದೋಷ ಎಂದರೆ ಸಾಮಾನು ಮತ್ತೆ ಮತ್ತೆ ಕೈ ಬದಲಿಸುವುದು. ಇಡೀ ಲಾರಿ ಹಿಡಿದರೆ ಒಮ್ಮೆ ಏರಿಸಿ ಒಮ್ಮೆ ಇಳಿಸಿದರೆ ಮುಗಿಯಿತು. ಪಾರ್ಟ್ ಲೋಡ್‌ನಲ್ಲಿ ಮನೆಯಿಂದ ಚಿಕ್ಕ ಗಾಡಿ, ಅಲ್ಲಿಂದ ಗೋಡೌನ್, ಆಮೇಲೆ ಲಾರಿ, ಮತ್ತೆ ಗೋಡೌನ್, ಮತ್ತೆ ಚಿಕ್ಕ ಗಾಡಿ. ಮೂರು ಸಲ ಏರಿ, ಮೂರು ಸಲ ಇಳಿಯುತ್ತದೆ, ಯಾರದೋ ಬೀರು ನಿಮ್ಮ ಡಬ್ಬದ ಮೇಲೆ ಕೂರುತ್ತದೆ. ಪ್ಯಾಕಿಂಗ್‌ನಲ್ಲಿ ಜಿಪುಣತನ ಮಾಡಿದರೆ ನಷ್ಟವಾಗುವುದು ಇಲ್ಲೇ. ಡಬ್ಬದ ತಳಕ್ಕೆ ನಡುಸೀಳಿನ ಮೇಲೆ ಎರಡು ಮೂರು ಸಾಲು, ಎರಡೂ ಅಂಚಿಗೆ ಒಂದೊಂದು ಸಾಲು ಟೇಪು ಹಾಕಿ. ಪುಸ್ತಕ, ಪಾತ್ರೆ ಚಿಕ್ಕ ಡಬ್ಬಕ್ಕೇ, 15 ಕಿಲೋ ಮೀರದಂತೆ. ತಟ್ಟೆಗಳನ್ನು ಒಂದರ ಮೇಲೊಂದು ಇಡದೆ ಅಂಚಿನ ಮೇಲೆ ನಿಲ್ಲಿಸಿ. ಮುಚ್ಚಿದ ಡಬ್ಬ ಅಲುಗಾಡಿಸಿದರೆ ಸದ್ದು ಬರಬಾರದು, ಮೇಲೆ ಖಾಲಿ ಜಾಗವಿದ್ದರೆ ಭಾರ ಬಿದ್ದಾಗ ಡಬ್ಬ ಕುಸಿಯುತ್ತದೆ.

ಯಂತ್ರಗಳು ಕೆಡುವುದಕ್ಕೆ ಕಾರಣಗಳು ಗೊತ್ತಿರುವಂಥವೇ. ಮುಂದೆ ಬಾಗಿಲಿರುವ ವಾಷಿಂಗ್ ಮಷೀನಿನ ಡ್ರಮ್ ಸ್ಪ್ರಿಂಗ್‌ಗಳ ಮೇಲೆ ತೂಗಾಡುತ್ತಿರುತ್ತದೆ. ಸಾಗಿಸುವಾಗ ಡ್ರಮ್ ಅಲ್ಲಾಡದಂತೆ ಹಿಡಿದಿಡುವ ಹಿಂಬದಿಯ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಹಾಕದೆ ಕಳಿಸಿದರೆ ರಸ್ತೆಯ ಕುಲುಕಾಟಕ್ಕೆ ಅದರ ಹಿಡಿಕೆಗಳೇ ಮುರಿಯುತ್ತವೆ. ಮಷೀನ್ ಕೊಂಡಾಗ ಬಿಚ್ಚಿಟ್ಟ ಆ ಬೋಲ್ಟ್‌ಗಳನ್ನು ಹುಡುಕಿ. ಸಿಗದಿದ್ದರೆ ಅದೇ ಮಾಡೆಲ್‌ನವು ಸರ್ವಿಸ್ ಸೆಂಟರ್‌ನಲ್ಲಿ ಸಿಗಬಹುದು. ಫಿಲ್ಟರ್ ಬಿಚ್ಚಿ ನೀರು ಪೂರ್ತಿ ಬಸಿಯಿರಿ, ಇಲ್ಲದಿದ್ದರೆ ಪಕ್ಕದ ಡಬ್ಬಗಳು ನೆನೆಯುತ್ತವೆ. ಫ್ರಿಜ್ ಅನ್ನು ಒಂದು ದಿನ ಮೊದಲೇ ಆಫ್ ಮಾಡಿ ಒರೆಸಿ, ನಿಲ್ಲಿಸಿಯೇ ಸಾಗಿಸಬೇಕೆಂದು ಪಟ್ಟಿಯಲ್ಲಿ ಬರೆಸಿ. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ಮಲಗಿಸಿ ತಂದಿದ್ದಾರೆ ಎಂಬ ಅನುಮಾನವಿದ್ದರೆ 24 ಗಂಟೆ ನಿಲ್ಲಿಸಿದ ಮೇಲೆ ಆನ್ ಮಾಡಿ. ಟಿವಿಯನ್ನು ಎಂದೂ ಮಲಗಿಸಬಾರದು. ಗ್ಯಾಸ್ ಸಿಲಿಂಡರ್, ಪೇಂಟ್, ಸೀಮೆಎಣ್ಣೆಯಂಥವನ್ನು ಲಾರಿಯಲ್ಲಿ ಹಾಕುವಂತಿಲ್ಲ.

ವಿಮೆಯ ಬಗ್ಗೆ ಇರುವ ಭರವಸೆ ವಾಸ್ತವಕ್ಕಿಂತ ದೊಡ್ಡದು. ಸಾಗಾಟದವರ ಮೂಲ ಹೊಣೆಗಾರಿಕೆ ಹಲವು ಕಡೆ ತೂಕದ ಲೆಕ್ಕದಲ್ಲಿರುತ್ತದೆ. ಹತ್ತು ಕಿಲೋ ಟಿವಿ ಒಡೆದರೆ ಕಿಲೋಗೆ ಇಷ್ಟು ಎಂಬ ದರದಲ್ಲಿ ಹತ್ತು ಕಿಲೋಗೆ ಪರಿಹಾರ, ಟಿವಿಯ ಬೆಲೆಯಲ್ಲ. ಬೇರೆ ವಿಮೆ ಮಾಡಿಸಿದರೂ, ನೀವೇ ಪ್ಯಾಕ್ ಮಾಡಿದ ಡಬ್ಬದೊಳಗೆ ಒಡೆದದ್ದಕ್ಕೆ ಅನೇಕ ಪಾಲಿಸಿಗಳು ಪರಿಹಾರ ಕೊಡುವುದಿಲ್ಲ. ಕಡಿಮೆ ಖರ್ಚಿನ ಉಪಾಯವೆಂದರೆ ಟಿವಿ, ಫ್ರಿಜ್, ಮಷೀನ್ ಮೂರನ್ನು ಮಾತ್ರ ಅವರಿಂದ ಪ್ಯಾಕ್ ಮಾಡಿಸಿ ಅವುಗಳಿಗಷ್ಟೇ ವಿಮೆ ಮಾಡಿಸುವುದು. ಸೀರಿಯಲ್ ನಂಬರ್ ಕಾಣುವ ಫೋಟೋ, ಆನ್ ಆಗಿ ಕೆಲಸ ಮಾಡುತ್ತಿರುವ ಚಿಕ್ಕ ವಿಡಿಯೋ ತೆಗೆದಿಡಿ.

ಮಕ್ಕಳಿರುವವರಿಗೆ ಇನ್ನೊಂದು ಮುಖ್ಯ ಸಂಗತಿ: ಪಾರ್ಟ್ ಲೋಡ್‌ನವರು ತಲುಪಿಸಲು ದಿನಾಂಕ ಕೊಡುವುದಿಲ್ಲ, ಅವಧಿ ಕೊಡುತ್ತಾರೆ. ಲಾರಿ ತುಂಬುವವರೆಗೆ ನಿಮ್ಮ ಸಾಮಾನು ಗೋಡೌನ್‌ನಲ್ಲೇ ಇರುತ್ತದೆ. ಆದ್ದರಿಂದ ಹೇಳಿದ ಅವಧಿಗಿಂತ ಮೂರು ದಿನ ಹೆಚ್ಚಿಗೆ ಸಾಲುವಷ್ಟು ವಸ್ತು ನಿಮ್ಮ ಜೊತೆಯೇ ಪ್ರಯಾಣ ಮಾಡಲಿ. ಹಸುಗೂಸಿಗೆ ದಿನಕ್ಕೆ ಎಂಟು ಡಯಾಪರ್ ಎಂದು ಲೆಕ್ಕ ಹಾಕಿ, ಮಗುವಿನ ಔಷಧಿ ಮತ್ತು ಥರ್ಮಾಮೀಟರ್, ಹಾಲಿನ ಬಾಟಲಿ, ತಲಾ ನಾಲ್ಕು ಜೊತೆ ಬಟ್ಟೆ, ಹೊದಿಕೆ, ನೆಲಕ್ಕೆ ಹಾಸಲು ದಪ್ಪ ಚಾಪೆ, ಒಂದು ಪಾತ್ರೆ, ಒಂದು ಬಾಣಲೆ, ಚಾಕು, ಮಗು ಬಿಟ್ಟಿರಲಾರದ ಆಟಿಕೆ. ಲಸಿಕೆ ಕಾರ್ಡ್, ಜನನ ಪ್ರಮಾಣಪತ್ರ, ಶಾಲೆಯ ವರ್ಗಾವಣೆ ಪತ್ರ, ಒಡವೆ, ನಗದು ಯಾವ ಕಾರಣಕ್ಕೂ ಲಾರಿ ಏರಬಾರದು. ವಿಮೆ ಇವುಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದೂ ಇಲ್ಲ.

ತೊಟ್ಟಿಲು, ಮಂಚದ ಬೋಲ್ಟ್‌ಗಳನ್ನು ಚೀಲಕ್ಕೆ ಹಾಕಿ ಆಯಾ ಚೌಕಟ್ಟಿಗೇ ಟೇಪಿನಿಂದ ಅಂಟಿಸಿ, ಅಲೆನ್ ಕೀಯನ್ನೂ ಅದರಲ್ಲೇ ಇಡಿ. ಒಂದು ಬೋಲ್ಟ್ ಕಡಿಮೆ ಇರುವ ತೊಟ್ಟಿಲಲ್ಲಿ ಮಗುವನ್ನು ಮಲಗಿಸಬೇಡಿ. ಪ್ಯಾಕಿಂಗ್ ದಿನ ಹರಡಿದ ಥರ್ಮೋಕೋಲ್ ಚೂರು, ಪ್ಲಾಸ್ಟಿಕ್ ಹಾಳೆ, ಸಣ್ಣ ಸ್ಕ್ರೂಗಳು ಅಂಬೆಗಾಲಿಡುವ ಮಗುವಿನ ಗಂಟಲಿಗೆ ಅಪಾಯ. ಒಂದು ಕೋಣೆಯನ್ನು ಮೊದಲು ಖಾಲಿ ಮಾಡಿ, ಗುಡಿಸಿ, ಮಗುವನ್ನು ಅಲ್ಲಿ ಒಬ್ಬರ ಕಣ್ಣಳತೆಯಲ್ಲಿ ಇರಿಸಿದರೆ ಉಳಿದವರ ಕೈ ಓಡುತ್ತದೆ.

ಯಾರಿಗೆ ಇದು ಬೇಡ? ಅರ್ಧ ದಿನದ ದೂರದೊಳಗೆ ಹೋಗುವವರಿಗೆ, ಹೊರಲು ನಾಲ್ಕು ಜನ ಇದ್ದರೆ, ಬಾಡಿಗೆ ಗಾಡಿಯೇ ವಾಸಿ. ಹೊಸ ಮನೆಯ ಬೀಗದ ಕೈ ಇನ್ನೂ ಕೈಗೆ ಬರದವರೂ ಬುಕ್ ಮಾಡಬಾರದು, ಗೋಡೌನ್ ಬಾಡಿಗೆ ದಿನದಿನಕ್ಕೂ ಏರುತ್ತದೆ. ಹೆರಿಗೆಯ ದಿನ ಹತ್ತಿರವಿದ್ದರೆ, ನವಜಾತ ಶಿಶು ಇದ್ದರೆ, ಸಾಲ ಮಾಡದೆ ಸಾಧ್ಯವಾಗುವುದಾದರೆ ಪ್ಯಾಕಿಂಗ್ ಕೆಲಸವನ್ನಾದರೂ ಅವರಿಗೇ ವಹಿಸಿ.

ಸಾಮಾನು ಬಂದ ದಿನ, ಪ್ಯಾಕ್ ಮಾಡುವಾಗ ಡಬ್ಬಗಳ ಮೇಲೆ 1/24, 2/24 (ಒಟ್ಟು 24ರಲ್ಲಿ ಒಂದನೆಯದು, ಎರಡನೆಯದು) ಎಂದು ಬರೆದ ಸಂಖ್ಯೆಯನ್ನು ಪಟ್ಟಿಯ ಜೊತೆ ತಾಳೆ ನೋಡುತ್ತ ಒಬ್ಬರು ಬಾಗಿಲಲ್ಲೇ ನಿಲ್ಲಿ. ಎಣಿಕೆ ಮುಗಿಯದೆ ಸಹಿ ಹಾಕಬೇಡಿ. ನೆನೆದ, ಜಜ್ಜಿದ ಡಬ್ಬವಿದ್ದರೆ ಅಲ್ಲೇ ಬಿಚ್ಚಿ ಫೋಟೋ ತೆಗೆದು, ಹಾನಿಯನ್ನು ರಸೀದಿಯ ಮೇಲೆ ಬರೆದು ಆಮೇಲೆ ಸಹಿ ಹಾಕಿ. ‘ಎಲ್ಲ ಸರಿಯಾಗಿ ತಲುಪಿದೆ’ ಎಂಬ ಸಾಲಿನ ಕೆಳಗೆ ಸಹಿ ಬಿದ್ದ ಮೇಲೆ ಪರಿಹಾರ ಕೇಳುವುದು ಬಲು ಕಷ್ಟ. ಒಳಗಿನ ಹಾನಿಯನ್ನು ತಿಳಿಸಲು ಕೆಲವೇ ದಿನಗಳ ಗಡುವು ಇರುವುದರಿಂದ ಗಾಜು, ಪಿಂಗಾಣಿ, ಯಂತ್ರಗಳನ್ನು ಮೊದಲು ಬಿಚ್ಚಿ. ಎತ್ತರದ ಬೀರು, ಪುಸ್ತಕದ ಕಪಾಟು ಒಯ್ದಿದ್ದರೆ ಬಟ್ಟೆ ಜೋಡಿಸುವ ಮೊದಲೇ ಗೋಡೆಗೆ ಬಿಗಿಸಿ, ಮಕ್ಕಳು ಅದನ್ನು ಹತ್ತಲು ನೋಡುವುದು ಮೊದಲ ದಿನವೇ.